ಎಂಟು ತಿಂಗಳ ಕೂಸು, ಮತ್ತೆ ಬಸಿರು: ಮಾತ್ರೆಗಿಂತ ಮೊದಲು ದಿನದ ಲೆಕ್ಕ

ಪ್ರಶ್ನೆ: ಡಾಕ್ಟ್ರೇ, ನನಗೆ 29 ವರ್ಷ. ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಇಬ್ಬರು ಮಕ್ಕಳು. ದೊಡ್ಡವಳಿಗೆ ನಾಲ್ಕು ವರ್ಷ, ನಾರ್ಮಲ್ ಹೆರಿಗೆ. ಚಿಕ್ಕವನಿಗೆ ಎಂಟು ತಿಂಗಳು, ಸಿಸೇರಿಯನ್. ಅವನಿನ್ನೂ ಹಾಲು ಕುಡಿಯುತ್ತಾನೆ, ಹೆತ್ತ ಮೇಲೆ ನನಗೆ ಮುಟ್ಟೇ ಆಗಿಲ್ಲ. ನನ್ನವರು ಗಲ್ಫಿನಲ್ಲಿ. ಒಂದು ತಿಂಗಳ ರಜೆಯಲ್ಲಿ ಬಂದು ವಾಪಸ್ ಹೋಗಿ ಇವತ್ತಿಗೆ ಮೂರು ವಾರ. ಬೆಳಿಗ್ಗೆ ವಾಕರಿಕೆ ಬರುತ್ತಿತ್ತೆಂದು ಕಾರ್ಡ್ ಟೆಸ್ಟ್ ಮಾಡಿದೆ, ಎರಡು ಗೆರೆ ಬಂತು. ಈಗ ಇನ್ನೊಂದು ನನ್ನಿಂದಾಗದು. ಅವರಿಗೆ ಫೋನಿನಲ್ಲಿ ಹೇಳಿದೆ, ‘ನಿನಗೆ ಹೇಗೆ ಕಾಣುತ್ತದೋ ಹಾಗೆ ಮಾಡು’ ಅಂದರು. ಅತ್ತೆಗೆ ಹೇಳಿಲ್ಲ. ನಾದಿನಿ ಮಂಗಳೂರಿನಿಂದ ಮಾತ್ರೆಯ ಕಿಟ್ ತರಿಸಿ ಕೊಡುತ್ತೇನೆ ಅನ್ನುತ್ತಾಳೆ. ಆದರೆ ಅವಳ ಗೆಳತಿಯೊಬ್ಬಳು ಹಾಗೆ ತಿಂದು ಒಂದು ತಿಂಗಳು ರಕ್ತ ಹೋಗಿತ್ತಂತೆ. ಮುಂದೆ ಮಕ್ಕಳಾಗುವುದಿಲ್ಲ, ಗರ್ಭಕೋಶ ಹಾಳಾಗುತ್ತದೆ ಅನ್ನುವುದು ನಿಜವೇ? ಹಾಲು ಕೊಡುವವರು ತಿನ್ನಬಹುದೇ? ಆಸ್ಪತ್ರೆಗೆ ಹೋದರೆ ಗಂಡನ ಸಹಿ ಕೇಳುತ್ತಾರಂತೆ, ಊರಿಗೆಲ್ಲ ಗೊತ್ತಾಗುತ್ತದಂತೆ. ಅದಕ್ಕಿಂತ ಹೆಚ್ಚಾಗಿ, ನನ್ನದು ದೊಡ್ಡ ಕಾರಣವೇನಲ್ಲ. ಮಗುವಿಗೆ ದೋಷವಿಲ್ಲ, ನನಗೆ ಕಾಯಿಲೆಯಿಲ್ಲ. ಸುಸ್ತಾಗಿದೆ ಅಷ್ಟೆ. ಅಳುವೂ ಬರುತ್ತಿಲ್ಲ. ನಾನು ಮಾತ್ರ ಹೀಗೆಯೇ?

ಉತ್ತರ: ನಿಮಗೆ ನೇರ ಉತ್ತರ ಆಗಲೇ ಕಳಿಸಿಯಾಗಿದೆ. ಇಂಥ ಪ್ರಶ್ನೆ ಅಂಕಣದ ಸರದಿ ಕಾಯುವಂಥದ್ದಲ್ಲ. ಇಲ್ಲಿ ಬರೆಯುತ್ತಿರುವುದು ನಿಮ್ಮ ಸ್ಥಿತಿಯಲ್ಲೇ ಇದ್ದು ಬರೆಯಲಾಗದವರಿಗೂ ಸೇರಿ.

ನೀವು ಕೇಳಿದ್ದು ಮಾತ್ರೆಯ ಬಗ್ಗೆ. ನನಗೆ ಮೊದಲು ಕಂಡಿದ್ದು ಬೇರೆ: ನಿಮಗೆ ಎಷ್ಟು ವಾರ ಎಂಬುದು ನಿಮಗೂ ಗೊತ್ತಿಲ್ಲ, ನಾದಿನಿಗೂ ಗೊತ್ತಿಲ್ಲ. ಸಾಮಾನ್ಯವಾಗಿ ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕುತ್ತೇವೆ. ನಿಮಗೆ ಮುಟ್ಟೇ ಬಂದಿಲ್ಲ. ಹಾಗಾಗಿ ರಜೆಯ ದಿನಗಳಿಂದ ಅಂದಾಜು ಮಾಡಬೇಕು. ಅವರು ಬಂದು ಸುಮಾರು 51 ದಿನ, ಹೋಗಿ 21 ದಿನ. ವೈದ್ಯರ ಲೆಕ್ಕದಲ್ಲಿ ಗರ್ಭ ನಿಂತ ದಿನಕ್ಕೆ ಎರಡು ವಾರ ಸೇರಿಸುತ್ತಾರೆ. ಅಂದರೆ ನಿಮ್ಮದು 5 ವಾರವೂ ಆಗಿರಬಹುದು, 9 ವಾರ ದಾಟಿರಲೂಬಹುದು. ಮಾತ್ರೆಯಿಂದ ಗರ್ಭ ತೆಗೆಯಲು ನಮ್ಮಲ್ಲಿ ಇರುವ ಮಿತಿ 9 ವಾರ, ಅಂದರೆ 63 ದಿನ. ನೀವು ಆ ಗೆರೆಯ ಯಾವ ಕಡೆ ಇದ್ದೀರಿ ಎಂಬುದನ್ನು ಕಾರ್ಡ್ ಹೇಳುವುದಿಲ್ಲ. ಎರಡನೇ ಗೆರೆ ಎಷ್ಟು ದಪ್ಪ ಬಂತು ಎಂಬುದರಿಂದ ತಿಂಗಳು ಲೆಕ್ಕ ಹಾಕುವವರಿದ್ದಾರೆ, ಅದರಲ್ಲಿ ಹುರುಳಿಲ್ಲ.

‘ಹಾಲು ಕೊಡುವಾಗ ಗರ್ಭ ನಿಲ್ಲುವುದಿಲ್ಲ’ ಎಂಬ ನಂಬಿಕೆಯೇ ನಿಮ್ಮನ್ನು ಇಲ್ಲಿಗೆ ತಂದದ್ದು. ಅದು ಪೂರ್ತಿ ಸುಳ್ಳೂ ಅಲ್ಲ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು. ಹಗಲು ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ಹೆಚ್ಚು ಬಿಡುವಿಲ್ಲದೆ ಹಾಲೂಡಿಸುತ್ತಿರಬೇಕು. ಇವೆಲ್ಲ ಒಟ್ಟಿಗೆ ಇದ್ದರೆ ಅದು ಒಳ್ಳೆಯ ರಕ್ಷಣೆಯೇ. ಎಂಟು ತಿಂಗಳ ಮಗು ರಾಗಿ ಸರಿ, ಕುಚ್ಚಲಕ್ಕಿ ಗಂಜಿ ತಿನ್ನುತ್ತಿರುತ್ತದೆ. ರಕ್ಷಣೆ ಹೋಗಿರುತ್ತದೆ, ಮುಟ್ಟು ಬಂದಿಲ್ಲದ್ದರಿಂದ ಅದು ತಿಳಿಯುವುದಿಲ್ಲ. ಮೊದಲ ಮುಟ್ಟಿಗಿಂತ ಮೊದಲೇ ಅಂಡ ಬಿಡುಗಡೆಯಾಗುತ್ತದಲ್ಲ.

ಆದ್ದರಿಂದ ಮೊದಲ ಕೆಲಸ ಸ್ಕ್ಯಾನಿಂಗ್. ಅದು ಎರಡು ವಿಷಯ ತಿಳಿಸಬೇಕು: ಎಷ್ಟು ವಾರ, ಮತ್ತು ಎಲ್ಲಿ ನಿಂತಿದೆ. ಈ ‘ಎಲ್ಲಿ’ ನಿಮ್ಮ ಮಟ್ಟಿಗೆ ಇತರರಿಗಿಂತ ಮುಖ್ಯ. ಗರ್ಭಕೋಶದೊಳಗೆ ಅಲ್ಲದೆ ಅಂಡನಾಳದಲ್ಲಿ ಗರ್ಭ ನಿಂತಿದ್ದರೆ ಕಿಟ್‌ನ ಮಾತ್ರೆ ಅದಕ್ಕೆ ಏನೂ ಮಾಡುವುದಿಲ್ಲ. ಸ್ವಲ್ಪ ರಕ್ತ ಕಂಡು ‘ಆಯಿತು’ ಎಂದುಕೊಂಡು ಕೂತವರು ಮುಂದೆ ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿ ಬರುತ್ತಾರೆ. ಸಿಸೇರಿಯನ್ ಆದವರಲ್ಲಿ ಅಪರೂಪಕ್ಕೆ ಹಳೆಯ ಹೊಲಿಗೆಯ ಗಾಯದ ಜಾಗದಲ್ಲೇ ಗರ್ಭ ಅಂಟಿಕೊಳ್ಳುತ್ತದೆ. ಅಲ್ಲಿ ಮನೆಯಲ್ಲಿ ಮಾತ್ರೆ ತಿನ್ನುವುದಾಗಲಿ, ನೋಡದೆ ಕ್ಲೀನ್ ಮಾಡುವುದಾಗಲಿ ಭಾರೀ ರಕ್ತಸ್ರಾವ ತರಬಹುದು. ಎರಡೂ ಅಪರೂಪ. ಆದರೆ ಸ್ಕ್ಯಾನ್‌ನಲ್ಲಿ ಕಾಣುವಂಥವು, ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕಾಣದಂಥವು. ಐದು ವಾರದ ಆಸುಪಾಸಿನಲ್ಲಿದ್ದರೆ ಗರ್ಭದ ಚೀಲ ಕಾಣದೆ ಇರಬಹುದು. ಆಗ ಒಂದು ವಾರ ಬಿಟ್ಟು ಮತ್ತೆ ನೋಡುತ್ತಾರೆ, ಇಲ್ಲವೇ 48 ಗಂಟೆ ಅಂತರದಲ್ಲಿ ಎರಡು ಸಲ ಬೀಟಾ ಎಚ್‌ಸಿಜಿ ಎಂಬ ಬಸಿರಿನ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸುತ್ತಾರೆ.

ಸ್ಕ್ಯಾನ್ ಮಾಡುವಾಗ ಪರದೆ ನಿಮ್ಮ ಕಡೆ ತಿರುಗಿಸಬೇಡಿ, ಹೃದಯಬಡಿತದ ಸದ್ದು ಹಾಕಬೇಡಿ ಎಂದು ಮೊದಲೇ ಹೇಳಬಹುದು. ನೋಡಬೇಕೆನಿಸಿದರೆ ಕೇಳಿಯೂ ನೋಡಬಹುದು. ಇದನ್ನು ಹೇಳಲು ಬಹಳ ಮಂದಿ ಹಿಂಜರಿಯುತ್ತಾರೆ. ಕೋಣೆಯಲ್ಲಿರುವವರು ತಾವಾಗಿ ಕೇಳುವುದೂ ಕಡಿಮೆ. ಅಲ್ಲಿ ಹೆಸರು ವಿಳಾಸ ತುಂಬಿಸುವ ಫಾರ್ಮ್ ಎಫ್ ಕಂಡು ಗಾಬರಿಯಾಗಬೇಡಿ. ಅದು ಲಿಂಗಪತ್ತೆ ತಡೆಯುವ 1994ರ ಕಾಯ್ದೆಯದ್ದು, ಸ್ಕ್ಯಾನಿಗೆ ಬರುವ ಗರ್ಭಿಣಿಯರೆಲ್ಲರಿಗೂ ತುಂಬಿಸುತ್ತಾರೆ.

ಜೊತೆಗೆ ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪು. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ ಮನೆಯಲ್ಲಿ ಮಾತ್ರೆಯಿಂದ ಮಾಡಿಸಿಕೊಳ್ಳುವುದು ಬೇಡ. ಎಂಟು ತಿಂಗಳ ಹಿಂದೆ ಸಿಸೇರಿಯನ್, ಮೇಲೆ ಹಾಲೂಡಿಕೆ, ಕಬ್ಬಿಣದ ಮಾತ್ರೆ ಅರ್ಧಕ್ಕೇ ನಿಂತಿರುವ ಸಾಧ್ಯತೆ: ನಿಮ್ಮ ‘ಸುಸ್ತಾಗಿದೆ ಅಷ್ಟೆ’ಯಲ್ಲಿ ಒಂದಷ್ಟು ಪಾಲು ಇದರದ್ದೂ ಇರಬಹುದು.

ಈಗ ದಾರಿಗಳು. ಬಸಿರನ್ನು ಮುಂದುವರಿಸುವುದೂ ಒಂದು ದಾರಿಯೇ, ಅದನ್ನು ಬಿಟ್ಟು ಮಾತಾಡಬಾರದು. ಸಿಸೇರಿಯನ್ ಆಗಿ ಒಂದೂಕಾಲು ವರ್ಷದ ಆಸುಪಾಸಿನಲ್ಲಿ ಮತ್ತೆ ಹೆರಿಗೆಯಾಗುತ್ತದೆ. ಅಷ್ಟು ಬೇಗ ನಾರ್ಮಲ್‌ಗೆ ಪ್ರಯತ್ನಿಸಿದರೆ ಹಳೆಯ ಗಾಯ ಬಿರಿಯುವ ಅಪಾಯ ಹೆಚ್ಚು, ಹೀಗಾಗಿ ಮತ್ತೆ ಸಿಸೇರಿಯನ್ನೇ ಆಗುವ ಸಂಭವ ಜಾಸ್ತಿ. ಮಾಸು ಕೆಳಗೆ ಕೂರುವ ಭಯ, ರಕ್ತಹೀನತೆ ಇವೆಲ್ಲ ಇರುತ್ತವೆ. ಹೆರಿಗೆಯ ನಂತರ ಮುಂದಿನ ಬಸಿರಿಗೆ ಎರಡು ವರ್ಷವಾದರೂ ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ಆದರೂ ಸರಿಯಾದ ಆರೈಕೆಯಲ್ಲಿ ಎಷ್ಟೋ ಮಂದಿ ಕ್ಷೇಮವಾಗಿ ಹೆತ್ತಿದ್ದಾರೆ. ಮನಸ್ಸು ಇನ್ನೂ ತೂಗುತ್ತಿದ್ದರೆ ಸ್ಕ್ಯಾನ್ ಮೊದಲು ಮಾಡಿಸಿ. ಎಷ್ಟು ದಿನ ಕೈಯಲ್ಲಿದೆ ಎಂದು ತಿಳಿದ ಮೇಲೆ ಯೋಚಿಸುವುದು ಸುಲಭ.

ಬೇಡವೆಂದೇ ನಿಶ್ಚಯವಾಗಿದ್ದು 9 ವಾರದೊಳಗಿದ್ದರೆ ಮಾತ್ರೆಯ ದಾರಿ ಇದೆ. ಕಿಟ್‌ನಲ್ಲಿ ಐದು ಮಾತ್ರೆ. ಒಂದು ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ. ಗರ್ಭ ಉಳಿಯಲು ಬೇಕಾದ ಪ್ರೊಜೆಸ್ಟೆರಾನ್ ಹಾರ್ಮೋನನ್ನು ಅದು ತಡೆಯುತ್ತದೆ. ಉಳಿದ ನಾಲ್ಕು ಮಿಸೊಪ್ರೊಸ್ಟೋಲ್, ತಲಾ 200 ಮೈಕ್ರೋಗ್ರಾಂ, ಒಟ್ಟು 800. ಇವು ಗರ್ಭಕೋಶವನ್ನು ಹಿಂಡಿ ಒಳಗಿನದನ್ನು ಹೊರಹಾಕುತ್ತವೆ. ಮೊದಲನೆಯದನ್ನು ವೈದ್ಯರ ಮುಂದೆಯೇ ನುಂಗಿಸುತ್ತಾರೆ. ನಾಲ್ಕನ್ನು 24ರಿಂದ 48 ಗಂಟೆಯ ನಂತರ, ಎರಡೆರಡಾಗಿ ಎರಡು ಕೆನ್ನೆಗಳೊಳಗೆ ಅರ್ಧ ಗಂಟೆ ಇಟ್ಟು ಉಳಿದ ಪುಡಿಯನ್ನು ನೀರಿನೊಂದಿಗೆ ನುಂಗುವುದು ಒಂದು ಕ್ರಮ. ಯೋನಿಯೊಳಗೆ ಇಡುವ ಕ್ರಮವೂ ಇದೆ. ನೂರರಲ್ಲಿ 95ಕ್ಕಿಂತ ಹೆಚ್ಚು ಮಂದಿಗೆ ಇಷ್ಟರಲ್ಲೇ ಪೂರ್ತಿಯಾಗುತ್ತದೆ. ಉಳಿದವರಿಗೆ ಇನ್ನೊಂದು ಡೋಸೋ, ಕ್ಲೀನ್ ಮಾಡುವುದೋ ಬೇಕಾಗುತ್ತದೆ.

ಆ ದಿನ ಏನಾಗುತ್ತದೆಂದು ಮೊದಲೇ ತಿಳಿದಿದ್ದರೆ ಭಯ ಅರ್ಧವಾಗುತ್ತದೆ. ನಾಲ್ಕು ಮಾತ್ರೆ ಇಟ್ಟು ಒಂದರಿಂದ ನಾಲ್ಕು ಗಂಟೆಯೊಳಗೆ ಕಿಬ್ಬೊಟ್ಟೆ ಹಿಂಡಲು ಶುರುವಾಗುತ್ತದೆ. ಮುಟ್ಟಿನ ನೋವಿಗಿಂತ ಜೋರು. ಕೆಲವರಿಗೆ ಹೆರಿಗೆನೋವು ನೆನಪಾಗುವಷ್ಟು. ನೋವು ತಡೆಯಲು ಐಬುಪ್ರೊಫೆನ್ ಕೊಡುತ್ತಾರೆ, ಅದು ಮಾತ್ರೆಯ ಕೆಲಸಕ್ಕೆ ಅಡ್ಡಿಯಲ್ಲ. ಪ್ಯಾರಸಿಟಮಾಲ್ ಇಲ್ಲಿ ಅಷ್ಟಾಗಿ ಕೇಳುವುದಿಲ್ಲ. ಚಳಿ, ನಡುಕ, ಭೇದಿ, ಕೆಲವು ಗಂಟೆ ಮೈ ಬಿಸಿಯಾಗುವುದು ಮಿಸೊಪ್ರೊಸ್ಟೋಲ್‌ನ ಗುಣ. ಆಮೇಲೆ ಗಟ್ಟಿಗಟ್ಟಿಯಾಗಿ ರಕ್ತ ಹೋಗುತ್ತದೆ. ಆರು ವಾರದಲ್ಲಾದರೆ ಹೆಪ್ಪು, ಮಾಂಸದ ಚೂರಿನಂಥದ್ದು ಬಿಟ್ಟರೆ ಬೇರೇನೂ ಗುರುತಾಗುವುದಿಲ್ಲ. ಒಂಬತ್ತು ವಾರದ ಹತ್ತಿರವಾದರೆ ಎರಡು ಸೆಂಟಿಮೀಟರ್‌ನಷ್ಟು ಇರುವ ಭ್ರೂಣ ಕಣ್ಣಿಗೆ ಬೀಳಬಹುದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಬಚ್ಚಲಲ್ಲಿ ಒಬ್ಬಳೇ ಕಂಡು ಬೆಚ್ಚಿದವರು ವರ್ಷಗಳ ನಂತರವೂ ಆ ಮಾತನ್ನೇ ಎತ್ತುತ್ತಾರೆ. ನೋಡಲು ಮನಸ್ಸಿಲ್ಲದಿದ್ದರೆ ನೋಡಬೇಕೆಂದಿಲ್ಲ. ಮುಖ್ಯ ಭಾಗ ಹೋದ ಮೇಲೆ ನೋವು ಇಳಿಯುತ್ತದೆ.

ಆ ಮೇಲಿನ ರಕ್ತಸ್ರಾವ ಒಂದೂವರೆ, ಎರಡು ವಾರ ಇರುವುದು ಮಾಮೂಲು, ಚೂರುಪಾರು ಇನ್ನೂ ಕೆಲವು ದಿನ ಕಾಣಬಹುದು. ನಾದಿನಿಯ ಗೆಳತಿಗೆ ಒಂದು ತಿಂಗಳು ಹೋಗಿದ್ದು ಮಾತ್ರೆ ಕೆಟ್ಟದ್ದೆಂದಲ್ಲ, ಬಹುಶಃ ಚೂರು ಒಳಗೆ ಉಳಿದಿತ್ತು, ನೋಡಿದವರು ಯಾರೂ ಇರಲಿಲ್ಲ. ಅಂಗಡಿಯಿಂದ ತಂದದ್ದರಲ್ಲಿ ತಪ್ಪುವುದು ಹೆಚ್ಚಾಗಿ ಹೀಗೆ: ವಾರ ಹೆಚ್ಚಾಗಿರುತ್ತದೆ. ಅಥವಾ ಐದನ್ನೂ ಒಟ್ಟಿಗೆ ನುಂಗಿರುತ್ತಾರೆ. ಅಥವಾ ಅಂಗಡಿಯವನು ಕಿಟ್ ಇಲ್ಲವೆಂದು ಬರೇ ಒಂದು ಬಗೆಯ ಮಾತ್ರೆ ಕೊಟ್ಟಿರುತ್ತಾನೆ. ರಕ್ತ ನಿಲ್ಲಲಿಲ್ಲವೆಂದು ಎರಡನೇ ಕಿಟ್ ತಿಂದು ಬರುವವರೂ ಇದ್ದಾರೆ. ನಮ್ಮ ದೇಶದಲ್ಲಿ 2015ರಲ್ಲಿ ನಡೆದ ಗರ್ಭಪಾತಗಳು ಸುಮಾರು 1.56 ಕೋಟಿ ಎಂದೂ, ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಆಸ್ಪತ್ರೆಯ ಹೊರಗೆ ಮಾತ್ರೆಯಿಂದ ಆದವು ಎಂದೂ 2018ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪ್ರಕಟಿಸಿದ ಅಂದಾಜು ಹೇಳುತ್ತದೆ. ಬಹುಪಾಲು ಸುಸೂತ್ರವಾಗಿಯೇ ಮುಗಿಯುತ್ತವೆ. ನಿಮ್ಮದರಲ್ಲಿ ಸಿಸೇರಿಯನ್ ಗಾಯ ಮತ್ತು ಗೊತ್ತಿಲ್ಲದ ದಿನಾಂಕ ಎರಡೂ ಇರುವುದರಿಂದ ಆ ಬಹುಪಾಲಿನಲ್ಲಿ ನೀವಿರುತ್ತೀರೆಂದು ನಂಬಿ ಕೂರಬೇಡಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ ಎಂದರೆ, ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆಯುವಂತೆ ಸತತ ಎರಡು ಗಂಟೆ ರಕ್ತ ಹೋದರೆ, ನಿಂತರೆ ತಲೆಸುತ್ತಿ ಬೀಳುವಂತಾದರೆ, ಮಾತ್ರೆ ಇಟ್ಟ ಮರುದಿನವೂ 100.4 ಡಿಗ್ರಿಗಿಂತ ಮೇಲೆ ಜ್ವರ ಇದ್ದರೆ, ಕೆಟ್ಟ ವಾಸನೆಯ ಸ್ರಾವವಾದರೆ. ಒಂದೇ ಪಕ್ಕ ಕಿತ್ತುಬರುವ ನೋವು, ಹೆಗಲ ತುದಿಯ ನೋವು ನಾಳದ ಗರ್ಭದ ಲಕ್ಷಣ. ಇನ್ನೊಂದನ್ನು ಜನ ಅಪಾಯವೆಂದೇ ಎಣಿಸುವುದಿಲ್ಲ: 24 ಗಂಟೆಯಾದರೂ ರಕ್ತವೇ ಬಾರದಿರುವುದು. ಎಲ್ಲ ಸರಿಹೋದರೂ 15ನೇ ದಿನದ ಹೊತ್ತಿಗೆ ಒಮ್ಮೆ ತೋರಿಸಲೇಬೇಕು. ಕಾರ್ಡ್ ಟೆಸ್ಟ್ ಮನೆಯಲ್ಲಿ ಬೇಗ ಮಾಡಿ ಹೆದರಬೇಡಿ, ನಾಲ್ಕು ವಾರದವರೆಗೂ ಎರಡು ಗೆರೆ ತೋರಿಸಬಹುದು.

ಹಾಲು ನಿಲ್ಲಿಸಬೇಕಾಗಿಲ್ಲ. ಮಿಫೆಪ್ರಿಸ್ಟೋನ್ ಹಾಲಿಗೆ ಬರುವುದು ತೀರಾ ಸ್ವಲ್ಪ. ಮಿಸೊಪ್ರೊಸ್ಟೋಲ್ ಕೆಲವೇ ಗಂಟೆಗಳಲ್ಲಿ ಹಾಲಿನಿಂದ ಹೋಗುತ್ತದೆ. ಮಗುವಿಗೆ ಒಂದೆರಡು ಸಲ ಮಲ ಸಡಿಲವಾದೀತು. ಸಮಾಧಾನಕ್ಕೆ ಬೇಕಾದರೆ ಹಾಲೂಡಿಸಿ ಆಮೇಲೆ ಮಾತ್ರೆ ಇಡಿ.

9 ವಾರ ದಾಟಿದ್ದರೆ, ಅಥವಾ ಒಂದೇ ಸಲಕ್ಕೆ ಆಸ್ಪತ್ರೆಯಲ್ಲೇ ಮುಗಿಯಲಿ ಎನಿಸಿದರೆ, 12 ವಾರದವರೆಗೆ ವ್ಯಾಕ್ಯೂಮ್ ವಿಧಾನ. ಗರ್ಭಕೋಶದ ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತೆಳು ಪ್ಲಾಸ್ಟಿಕ್ ನಳಿಕೆ ಹಾಕಿ ಕೈ ಸಿರಿಂಜ್ ಅಥವಾ ಯಂತ್ರದಿಂದ ಎಳೆದು ತೆಗೆಯುತ್ತಾರೆ. ಐದರಿಂದ ಹತ್ತು ನಿಮಿಷ. ಕೆಲವು ಗಂಟೆ ಇದ್ದು ಮನೆಗೆ. ಸೋಂಕು, ಚೂರು ಉಳಿಯುವುದು, ಬಹಳ ಅಪರೂಪಕ್ಕೆ ಗರ್ಭಕೋಶಕ್ಕೆ ತೂತಾಗುವುದು ಇದರ ಅಪಾಯಗಳು. ಸಿಸೇರಿಯನ್ ಆಗಿದೆಯೆಂದು ಮೊದಲೇ ಹೇಳಿ. ಒಂದನ್ನು ಕೇಳಿ ತಿಳಿದುಕೊಳ್ಳಿ: ವ್ಯಾಕ್ಯೂಮೋ, ಡಿ ಆಂಡ್ ಸಿಯೋ? ಲೋಹದ ಸಲಕರಣೆಯಿಂದ ಹೆರೆಯುವ ಹಳೆಯ ವಿಧಾನವನ್ನು ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿ ವರ್ಷಗಳಾದವು, ಕೆಲವೆಡೆ ಅಭ್ಯಾಸ ಮಾತ್ರ ಹೋಗಿಲ್ಲ.

‘ಮುಂದೆ ಮಕ್ಕಳಾಗುವುದಿಲ್ಲ’ ಎಂಬ ಮಾತಿನ ಬೇರು ಇಲ್ಲೇ ಇದೆ. ಹಿಂದೆ ಕದ್ದುಮುಚ್ಚಿ ಕಡ್ಡಿ, ಬೇರು ಹಾಕಿಸಿಕೊಂಡು ಸೋಂಕಾದವರ, ಮತ್ತೆಮತ್ತೆ ಹೆರೆಸಿ ಒಳಪದರ ಅಂಟಿಕೊಂಡವರ ಗತಿ ನೋಡಿ ಹುಟ್ಟಿದ ಮಾತದು. ಸರಿಯಾಗಿ ಮಾಡಿದ ಮಾತ್ರೆ ಅಥವಾ ವ್ಯಾಕ್ಯೂಮ್‌ನಿಂದ ಬಂಜೆತನ ಬರುವುದಿಲ್ಲ. ಸ್ತನ ಕ್ಯಾನ್ಸರ್ ಬರುತ್ತದೆಂಬುದೂ ಸುಳ್ಳು. ಪಪ್ಪಾಯಿ, ಎಳ್ಳು ಬೆಲ್ಲ, ಅನಾನಸು ತಿಂದು ನೋಡುವವರು ಕಳೆದುಕೊಳ್ಳುವುದು ಎರಡು ವಾರ, ಅಷ್ಟರಲ್ಲಿ ಮಾತ್ರೆಯ ಗಡುವು ಮುಗಿದಿರುತ್ತದೆ.

ನಿಮ್ಮ ಕಾರಣ ಸಣ್ಣದು ಅಂದಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಪಾತಕ್ಕೆ ಹೆಂಗಸರು ಕೊಟ್ಟ ಕಾರಣಗಳಲ್ಲಿ ಸುಮಾರು ಅರ್ಧ ಒಂದೇ: ಇದನ್ನು ಬಯಸಿರಲಿಲ್ಲ. ಕೊನೆಯ ಮಗು ತೀರಾ ಚಿಕ್ಕದು, ತನ್ನ ಆರೋಗ್ಯ, ಸಂಸಾರದ ಖರ್ಚು, ಗಂಡನ ಜೊತೆಗಿನ ಬಿರುಕು ಇವು ಮತ್ತೆಮತ್ತೆ ಕೇಳಿಬರುವವು. ಎಂಡೋಸಲ್ಫಾನ್ ಸಿಂಪಡಿಸಿದ ಗೇರುತೋಟಗಳ ಸುತ್ತ ಬೆಳೆದವರಲ್ಲಿ ಮಗುವಿಗೆ ಏನಾಗುವುದೋ ಎಂಬ ಭಯ ಇನ್ನೂ ಇದೆ. ಆ ಭಯದಿಂದಲೇ ತೆಗೆಸುವ ಮೊದಲು ಮಗುವಿನ ಅಂಗದೋಷ ನೋಡುವ 18ರಿಂದ 20 ವಾರದ ಅನಾಮಲಿ ಸ್ಕ್ಯಾನ್ ಇದೆಯೆಂದು ಅವರಿಗೆ ತಿಳಿದಿರಬೇಕು. ಯಾರೂ ಒಂದೇ ಕಾರಣಕ್ಕೆ ಬರುವುದಿಲ್ಲ. ಕೇಳಿದರೆ ಎಲ್ಲರೂ ನಿಮ್ಮಂತೆಯೇ ಮೊದಲು ಒಂದನ್ನು ಹೇಳಿ, ‘ಅದೇನು ದೊಡ್ಡದಲ್ಲ’ ಎಂದು ಸೇರಿಸುತ್ತಾರೆ.

ಅಳು ಬಾರದಿರುವುದೂ ಹೊಸದಲ್ಲ. ಕೆಲವರಿಗೆ ನಿರಾಳ, ಕೆಲವರಿಗೆ ದುಃಖ, ಹಲವರಿಗೆ ಎರಡೂ ಒಂದೇ ದಿನ. ಕೆಲವರಿಗೆ ಏನೂ ಇಲ್ಲದೆ ಆರು ತಿಂಗಳ ಮೇಲೆ ಯಾರದೋ ಸೀಮಂತದಲ್ಲಿ ಕಣ್ಣು ತುಂಬುತ್ತದೆ. ಅಮೆರಿಕದಲ್ಲಿ ಸಾವಿರದಷ್ಟು ಮಹಿಳೆಯರನ್ನು ಐದು ವರ್ಷ ಗಮನಿಸಿದ ಟರ್ನ್‌ಅವೇ ಅಧ್ಯಯನದಲ್ಲಿ, ಗರ್ಭಪಾತ ಮಾಡಿಸಿಕೊಂಡವರಲ್ಲಿ ನೂರಕ್ಕೆ 95 ಮಂದಿ ತಮ್ಮ ನಿರ್ಧಾರ ಸರಿಯಾಗಿತ್ತು ಅಂದರು. ಕಷ್ಟವಾಗುವುದು ಹೆಚ್ಚಾಗಿ ಬೇರೆಯವರ ಒತ್ತಾಯಕ್ಕೆ ತೆಗೆಸಿದವರಿಗೆ, ಮತ್ತು ಯಾರಿಗೂ ಹೇಳಲಾಗದೆ ಒಳಗೇ ಇಟ್ಟುಕೊಂಡವರಿಗೆ. ನಿಮ್ಮ ಮಟ್ಟಿಗೆ ನನ್ನ ಗಮನ ಇನ್ನೊಂದರ ಮೇಲೆ: ಎಂಟು ತಿಂಗಳ ಬಾಣಂತಿಗೆ ಸುಸ್ತು, ಏನೂ ಅನಿಸದಿರುವುದು ಹೆರಿಗೆಯ ನಂತರದ ಖಿನ್ನತೆಯೂ ಆಗಿರಬಹುದು. ಮಗು ಮಲಗಿದಾಗಲೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ಮೀರಿದ್ದರೆ ವೈದ್ಯರಿಗೆ ಅದನ್ನೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416. ಪಾಪವೇ ಅಲ್ಲವೇ ಎಂಬುದಕ್ಕೆ ವೈದ್ಯರ ಬಳಿ ಉತ್ತರವಿಲ್ಲ. ನೀವದನ್ನು ಕೇಳಿಯೂ ಇಲ್ಲ, ಕೇಳುವವರು ಸುತ್ತ ಇರುತ್ತಾರೆಂದು ಬರೆದೆ.

ಗಂಡನ ಸಹಿ ಬೇಡ. 1971ರ ಎಂಟಿಪಿ (ವೈದ್ಯಕೀಯ ಗರ್ಭಪಾತ) ಕಾಯ್ದೆಯಲ್ಲಿ 18 ತುಂಬಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು. ಕೇರಳ ಹೈಕೋರ್ಟ್ 2022ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಗಲಿಬಿಲಿಯಾಗುವುದು ನಮ್ಮ ಆಸ್ಪತ್ರೆಗಳ ‘ಬೈಸ್ಟಾಂಡರ್’ ಪದ್ಧತಿಯಿಂದ. ಜೊತೆಗಿರುವವರು ದಾಖಲಾತಿ ಹಾಳೆಯಲ್ಲಿ ಸಹಿ ಹಾಕುವುದು ಆಸ್ಪತ್ರೆಯ ರೂಢಿ. ಅದು ತಾಯಿಯೂ ಆಗಬಹುದು, ಗೆಳತಿಯೂ ಆಗಬಹುದು. ಗರ್ಭಪಾತದ ಒಪ್ಪಿಗೆ ಮಾತ್ರ ಫಾರ್ಮ್ ಸಿ, ಅದರಲ್ಲಿ ನಿಮ್ಮ ಸಹಿ. ಅದು ಮಲಯಾಳದಲ್ಲಿದ್ದರೆ ಓದಿ ಅರ್ಥ ಹೇಳಿಸಿಕೊಳ್ಳದೆ ಹಾಕಬೇಡಿ. ವಾರ್ಡಿನಲ್ಲಿ ಕನ್ನಡ, ತುಳು ಬಲ್ಲ ಸಿಸ್ಟರ್ ಒಬ್ಬರಾದರೂ ಸಿಗುತ್ತಾರೆ. ಸಹಿಯಾದ ಮೇಲೆ ವೈದ್ಯರು ಅದನ್ನು ಲಕೋಟೆಯೊಳಗಿಟ್ಟು ಮೊಹರು ಮಾಡಿ ಮೇಲೆ ಕ್ರಮಸಂಖ್ಯೆ ಹಾಕಿ ‘ರಹಸ್ಯ’ ಎಂದು ಬರೆಯಬೇಕು. ಬೇರೆ ರಿಜಿಸ್ಟರುಗಳಲ್ಲಿ ಹೆಸರಿನ ಬದಲು ಆ ಸಂಖ್ಯೆಯೇ. ಗುಟ್ಟು ಬಿಟ್ಟುಕೊಟ್ಟವರಿಗೆ 2021ರ ತಿದ್ದುಪಡಿಯ ಪ್ರಕಾರ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ವಾಸ್ತವದಲ್ಲಿ ಸುದ್ದಿ ಹರಡುವುದು ಕಡತದಿಂದಲ್ಲ, ಒಪಿಯ (ಹೊರರೋಗಿ ವಿಭಾಗದ) ಬೆಂಚಿನಿಂದ. ಪಕ್ಕದ ಮನೆಯವರೇ ಆಶಾ ಕಾರ್ಯಕರ್ತೆಯಾಗಿದ್ದರೆ, ಬಸಿರನ್ನು ಅವರಲ್ಲಿ ಹೆಸರು ಬರೆಸದೆ ನೇರ ಆಸ್ಪತ್ರೆಗೆ ಹೋಗುವುದಕ್ಕೆ ತಡೆಯಿಲ್ಲ.

ಕಾರಣದ ಬಗ್ಗೆಯೂ ಕಾಯ್ದೆ ನಿಮ್ಮ ಕಡೆಗಿದೆ. ಗರ್ಭನಿರೋಧಕ ವಿಧಾನ ಸೋತು ನಿಂತ ಗರ್ಭ ಮನಸ್ಸಿಗೆ ಗಂಭೀರ ಪೆಟ್ಟು ಎಂದೇ ಎಣಿಕೆ. ಮದುವೆಯಾಗದವರಿಗೂ ಇದೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24ಕ್ಕೆ ಇಬ್ಬರದು, ಅದೂ ಕೆಲವು ವರ್ಗದವರಿಗೆ. ಅದಕ್ಕಿಂತ ಮೇಲೆ ಮಗುವಿಗೆ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ.

ಎಲ್ಲಿಗೆ ಹೋಗುವುದು? ಸರ್ಕಾರಿ ಆಸ್ಪತ್ರೆಗೆ ಬೇರೆ ಅನುಮತಿ ಬೇಕಾಗಿಲ್ಲ. ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲೋ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ಸ್ತ್ರೀರೋಗ ವಿಭಾಗದಲ್ಲಿ ವಿಚಾರಿಸಿ. ಖಾಸಗಿಯಾದರೆ ಎಂಟಿಪಿ ಅನುಮತಿ ಇದೆಯೇ ಎಂದು ಕೇಳಿ. ಕಾಯ್ದೆ ಕೇಂದ್ರದ್ದು, ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೂ ಅದೇ, ಮಂಗಳೂರಿನಲ್ಲಿ ಮಾಡಿಸಿದರೂ ತಪ್ಪಿಲ್ಲ. ಗುರುತಿನವರ ಕಣ್ಣು ತಪ್ಪಿಸಲು ಅಲ್ಲಿಗೆ ಹೋಗುವವರೇ ಹೆಚ್ಚು. ಆದರೆ ರಾತ್ರಿ ಎರಡು ಗಂಟೆಗೆ ರಕ್ತ ಜಾಸ್ತಿಯಾದರೆ ಓಡುವುದು ಮಂಗಳೂರಿಗಲ್ಲ, ಹತ್ತಿರದಲ್ಲಿರುವುದಕ್ಕೆ. ಹಾಗಾಗಿ ಮಂಗಳೂರಿನ ಚೀಟಿ, ಸ್ಕ್ಯಾನ್ ರಿಪೋರ್ಟ್, ತೆಗೆದುಕೊಂಡ ಮಾತ್ರೆಯ ಹೆಸರು ಕೈಯಲ್ಲಿರಲಿ. ನಾಲ್ಕು ಮಾತ್ರೆ ಇಡುವ ದಿನ ಮಕ್ಕಳನ್ನು ನೋಡಿಕೊಳ್ಳಲು ಮತ್ತು ಗಾಡಿ ಕರೆಯಲು ನಾದಿನಿ ಮನೆಯಲ್ಲಿರಲಿ. ಕಿಟ್ ತರಿಸುವುದಕ್ಕಿಂತ ಅದು ದೊಡ್ಡ ಉಪಕಾರ.

ಮುಗಿದ ಮೇಲೆ ಎಂಟು ಹತ್ತು ದಿನದಲ್ಲೇ ಮತ್ತೆ ಅಂಡ ಬಿಡುಗಡೆಯಾಗಬಹುದು, ಮುಟ್ಟು ಬರಲೆಂದು ಕಾಯಬೇಡಿ. ವ್ಯಾಕ್ಯೂಮ್ ಆದರೆ ಅದೇ ಹೊತ್ತಿಗೆ ಕಾಪರ್ ಟಿ ಹಾಕಿಸಬಹುದು. ಮಾತ್ರೆಯಾದರೆ ಪೂರ್ತಿಯಾಗಿದೆಯೆಂದು ಖಚಿತವಾದ ದಿನ. ಕಾಪರ್ ಟಿಯಲ್ಲಿ 380ಎ ಎಂಬ ಬಗೆ ಹತ್ತು ವರ್ಷಕ್ಕೆ, 375 ಐದು ವರ್ಷಕ್ಕೆ. ಬೇಡವೆನಿಸಿದ ದಿನ ತೆಗೆಸಬಹುದು. ಗಂಡ ವರ್ಷಕ್ಕೊಮ್ಮೆ ಬರುವವರಿಗೆ ದಿನಾ ಮಾತ್ರೆ ನುಂಗುವ ರಗಳೆಗಿಂತ ಇದು ಒಳ್ಳೆಯದು. ಮೂರು ತಿಂಗಳಿಗೊಮ್ಮೆಯ ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ (ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು) ಹಾಲು ಕೊಡುವವರಿಗೂ ಆಗುತ್ತದೆ. ಇನ್ನು ಮಕ್ಕಳೇ ಸಾಕು ಎಂದು ಇಬ್ಬರಿಗೂ ಅನಿಸಿದರೆ ಆಪರೇಷನ್ ಯಾವಾಗಲೂ ಹೆಂಗಸಿಗೇ ಆಗಬೇಕೆಂದಿಲ್ಲ. ಗಂಡಸರದ್ದು ಹೊಟ್ಟೆ ತೆರೆಯದೆ ಮಾಡುವ ಸಣ್ಣ ಕೆಲಸ, ಅದೇ ದಿನ ಮನೆಗೆ ಬರಬಹುದು. ಆದರೆ ಅದು ಕೂಡಲೇ ಫಲ ಕೊಡುವುದಿಲ್ಲ. ಮೂರು ತಿಂಗಳು ಬಿಟ್ಟು ವೀರ್ಯ ಪರೀಕ್ಷೆ ಆಗುವ ತನಕ ಬೇರೆ ವಿಧಾನ ಬೇಕೇ ಬೇಕು. ಹಾಗಾಗಿ ಮುಂದಿನ ರಜೆಯ ಕೊನೆಯ ವಾರ ಮಾಡಿಸಿಕೊಂಡು ಹೋದರೆ ಆ ಮೂರು ತಿಂಗಳು ಗಲ್ಫಿನಲ್ಲೇ ಕಳೆಯುತ್ತದೆ, ಪರೀಕ್ಷೆಯನ್ನೂ ಅಲ್ಲೇ ಮಾಡಿಸಬಹುದು.